ಬಟ್ಟೆ ಹಿಂಡುವ ಯಂತ್ರ ತಿರುಗದಿದ್ದರೆ

ಪಾಳಿ ಮುಗಿಸಿ ಬಂದಾಗ ಒದ್ದೆ ಬಟ್ಟೆ ತುಂಬಿಕೊಂಡು ನಿಂತ ವಾಷಿಂಗ್ ಮೆಷಿನ್ ಕಂಡರೆ ಯಾರಿಗೂ ಬೇಸರವೇ. ಕೊಯಾಲಿಯ ನಮ್ಮ ವಾಚಕರು "ಮೋಟಾರು ಸುಟ್ಟಿದೆ" ಎಂಬ ಮಾತಿಗೆ ಕೂಡಲೇ ಹಣ ಎಣಿಸಬಾರದೆಂದು ನಮ್ಮ ವಿನಂತಿ.

ಎರಡು ತೊಟ್ಟಿಗಳ ಯಂತ್ರವನ್ನೇ ನೋಡೋಣ. ಹಿಂಡುವ ತೊಟ್ಟಿ ಸದ್ದೇ ಮಾಡದಿದ್ದರೆ ಮೊದಲು ಮುಚ್ಚಳ ನೋಡಿರಿ. ಅದು ಸರಿಯಾಗಿ ಕೂತರೆ ಮಾತ್ರ ಒಳಗಿನ ಸ್ವಿಚ್ಚು ಕರೆಂಟು ಬಿಡುತ್ತದೆ.

ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಮೋಟಾರಿಗೆ ಕರೆಂಟು ತಲುಪುತ್ತಿದೆ ಎಂದರ್ಥ. ಬುಟ್ಟಿಯಡಿ ಕರವಸ್ತ್ರವೋ ಕಾಲುಚೀಲವೋ ಸಿಕ್ಕಿರಬಹುದು. ಬ್ರೇಕಿನ ತಂತಿ ಸಡಿಲಿ ಬ್ರೇಕು ಬಿಡದೆ ಇರಬಹುದು. (ಮುಚ್ಚಳ ತೆರೆದಾಗ ಬುಟ್ಟಿ ಬಿಗಿಯಾಗಿರುವುದು ದೋಷವಲ್ಲ, ಆಗ ಬ್ರೇಕು ಹಿಡಿಯಲೇಬೇಕು.) ಇವೆರಡೂ ಅಲ್ಲವಾದರೆ ಕೆಪಾಸಿಟರ್ ಮೇಲೆ ಅನುಮಾನ. ಗಿರಣಿಯ ದೊಡ್ಡ ಮೋಟಾರುಗಳಿಗೆ ಮೂರು ಫೇಸಿನ ಕರೆಂಟು. ಅವು ತಾವಾಗಿಯೇ ತಿರುಗತೊಡಗುತ್ತವೆ. ಮನೆಗೆ ಬರುವುದು 230 ವೋಲ್ಟಿನ ಒಂದೇ ಫೇಸು. ಅದರಲ್ಲಿ ಈ ಮೋಟಾರು ಹೊರಡಲು ಕೆಪಾಸಿಟರ್ ಕೊಡುವ ನೂಕು ಬೇಕು. ಅದು ಸೊರಗಿದರೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟಿ ಕಾಯುತ್ತದೆ. ಹಾಗೆಯೇ ಬಿಟ್ಟರೆ ನಿಜವಾಗಿಯೂ ಸುಟ್ಟೀತು. ಕೂಡಲೇ ಪ್ಲಗ್ಗು ಕೀಳಿರಿ.

ಹಿಂಬದಿಯ ತಗಡನ್ನು ಮಾತ್ರ ನೀವೇ ಬಿಚ್ಚಬೇಡಿರಿ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಮಿಸ್ತ್ರಿಯನ್ನು ಕರೆಸಿ, ಮೋಟಾರಿಗೆ ಮುನ್ನ ಕೆಪಾಸಿಟರ್ ಪರೀಕ್ಷಿಸಲು ಹೇಳಿರಿ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ ಹೊಸದರ ಮೇಲೂ ಇದೆಯೇ ಎಂದು ಓದಿ ನೋಡಿರಿ.