ಜಡಾನಿಲಗಳು ನಿಜವಾಗಿ ಜಡವೇ?

ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್. ಆವರ್ತ ಕೋಷ್ಟಕದ ಬಲತುದಿಯಲ್ಲಿರುವ ಇವುಗಳನ್ನು ಶಾಲೆಯಲ್ಲಿ ಜಡಾನಿಲಗಳೆಂದೇ ಕಲಿತವರು ಬಹಳ. ಹೊರಕವಚದಲ್ಲಿ ಎಲೆಕ್ಟ್ರಾನುಗಳು ಭರ್ತಿಯಾಗಿವೆ, ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ, ಹಾಗಾಗಿ ಯಾವುದರೊಂದಿಗೂ ಸೇರುವುದಿಲ್ಲ ಎಂಬುದು ಪಾಠ. ಈ ಮಾತು 1962ರಲ್ಲೇ ಸುಳ್ಳಾಗಿದೆ.

ನಂಬಿಕೆಗೆ ಆಧಾರವಿರಲಿಲ್ಲವೆಂದಲ್ಲ. 1895ರಲ್ಲಿ ಫ್ರಾನ್ಸಿನ ಹೆನ್ರಿ ಮ್ವಾಸಾನ್ ಎಲ್ಲಕ್ಕಿಂತ ಚುರುಕಾದ ಫ್ಲೋರೀನನ್ನು ಆರ್ಗಾನ್ ಜೊತೆ ಸೇರಿಸಿ ನೋಡಿದರು. ಏನೂ ಆಗಲಿಲ್ಲ. 1933ರಲ್ಲಿ ಲೈನಸ್ ಪೌಲಿಂಗ್ ಕ್ಸೆನಾನ್ ಫ್ಲೋರೈಡ್ ಸಾಧ್ಯವೆಂದರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ನಡೆದ ಪ್ರಯತ್ನ ಕೈಗೂಡಲಿಲ್ಲ. ಆಮೇಲೆ ಸುಮಾರು ಮೂವತ್ತು ವರ್ಷ ಹೆಚ್ಚಿನವರು ಆ ಗೊಡವೆಗೇ ಹೋಗಲಿಲ್ಲ.

ಬಾಗಿಲು ತೆರೆದವರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಬಾರ್ಟ್ಲೆಟ್. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕೆಂಪು ಅನಿಲ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಅವರು ಕಂಡುಕೊಂಡಿದ್ದರು. ಅದು ಸಣ್ಣ ಸಂಗತಿಯಲ್ಲ, ಏಕೆಂದರೆ ಆಮ್ಲಜನಕವೇ ಬೇರೆಯವುಗಳಿಂದ ಎಲೆಕ್ಟ್ರಾನ್ ಕೀಳುವ ಜಾತಿ. ಪಟ್ಟಿ ನೋಡಿದಾಗ ಆಮ್ಲಜನಕದಿಂದ ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿಯೂ ಕ್ಸೆನಾನಿಗೆ ಬೇಕಾದದ್ದೂ ಹೆಚ್ಚುಕಡಿಮೆ ಒಂದೇ, ಸುಮಾರು 12 ಎಲೆಕ್ಟ್ರಾನ್ ವೋಲ್ಟ್. ಹಾಗಿದ್ದರೆ ಕ್ಸೆನಾನ್ ಏಕೆ ಬಗ್ಗಬಾರದು?

1962ರ ಮಾರ್ಚ್ 23ರ ಸಂಜೆ ಎರಡು ಅನಿಲಗಳ ನಡುವಿನ ಗಾಜಿನ ತಡೆಯನ್ನು ಒಡೆದರು. ಕ್ಷಣದಲ್ಲೇ ಕಿತ್ತಳೆ ಹಳದಿಯ ಘನವಸ್ತು ಉಂಟಾಯಿತು. ತೋರಿಸಲು ಹುಡುಕಿದರೆ ಎಲ್ಲರೂ ಊಟಕ್ಕೆ ಹೋಗಿದ್ದರು! ಆ ವಸ್ತುವಿನ ರಚನೆ ಅವರು ಬರೆದ ಸೂತ್ರದಷ್ಟು ಸರಳವಲ್ಲವೆಂದು ನಂತರ ತಿಳಿಯಿತು. ಆದರೆ ಅದೇ ವರ್ಷ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ (ಹೆಸರು ಕೇಳಿ ಗೊಂದಲ ಬೇಡ, ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ) ಕ್ಸೆನಾನ್ ಮತ್ತು ಫ್ಲೋರೀನನ್ನು ಬಿಸಿಮಾಡಿ ಕ್ಸೆನಾನ್ ಟೆಟ್ರಾಫ್ಲೋರೈಡ್ ಹರಳುಗಳನ್ನೇ ಪಡೆದರು. ಇಂದು ಕ್ಸೆನಾನ್ ಡೈಫ್ಲೋರೈಡನ್ನು ಸಿಲಿಕಾನ್ ಕೊರೆಯಲು ಬಳಸುತ್ತಾರೆ.

ಕ್ಸೆನಾನ್ ಒಲಿದದ್ದು ಅದರ ಪರಮಾಣು ದೊಡ್ಡದಾದ್ದರಿಂದ. ಹೊರಗಿನ ಎಲೆಕ್ಟ್ರಾನುಗಳು ಬೀಜಕೇಂದ್ರದಿಂದ ದೂರ, ಹಿಡಿತ ಸಡಿಲ. ಪರಮಾಣು ಚಿಕ್ಕದಾದಷ್ಟೂ ಹಟ ಹೆಚ್ಚು. ಆರ್ಗಾನ್ ಸಂಯುಕ್ತ ಸಿಕ್ಕಿದ್ದು 2000ದಲ್ಲಿ, ಹೆಲ್ಸಿಂಕಿಯಲ್ಲಿ, ಅದೂ ಮೈನಸ್ 240 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ. 2017ರಲ್ಲಿ ವಾತಾವರಣದ ಹತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ ಹೀಲಿಯಂ ಸೋಡಿಯಂ ಹರಳಿನೊಳಗೆ ಸೇರಿಕೊಂಡ ವರದಿ ಬಂತು. ನಿಜವಾದ ರಾಸಾಯನಿಕ ಬಂಧವಿರುವ, ವಿದ್ಯುದಂಶವಿಲ್ಲದ ನಿಯಾನ್ ಸಂಯುಕ್ತ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.