ಏಳು ತುಂಡುಗಳು, ಕುಡಿದ ಬೆಕ್ಕುಗಳು

ತೊಂಬತ್ತರ ದಶಕದಲ್ಲಿ ಜಾತ್ರೆಪೇಟೆ ಸುತ್ತಿದವರಿಗೆ ಬ್ರಿಕ್ ಗೇಮ್ ನೆನಪಿರಲೇಬೇಕು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಬೂದು ಪರದೆ, ಹಿಂದೆ ಪೆನ್ಸಿಲ್ ಸೆಲ್ಲು. ಮೇಲೆ ‘9999 ಇನ್ 1’ ಎಂಬ ಘೋಷಣೆ. ನಮ್ಮ ಮನೆಗೆ ಅದು ಬಂದದ್ದು ಶಿರಸಿ ಜಾತ್ರೆಯಿಂದ. ಅಷ್ಟೂ ಆಟ ನೋಡಿಯೇ ತೀರುವೆನೆಂದು ಹಟ ಹಿಡಿದ ಅಣ್ಣ ಎರಡೇ ದಿನದಲ್ಲಿ ಗುಟ್ಟು ಬಯಲು ಮಾಡಿದ: ಇರುವುದು ಬೆರಳೆಣಿಕೆಯ ಆಟ, ಉಳಿದವೆಲ್ಲ ವೇಗ ಬದಲಿಸಿಕೊಂಡು ಬಂದ ಅವೇ ವೇಷಧಾರಿಗಳು. ಆದರೂ ಡಬ್ಬಿ ವರ್ಷಗಟ್ಟಲೆ ಮನೆಯಲ್ಲಿ ಕೈಯಿಂದ ಕೈಗೆ ಓಡಾಡಿತು, ಒಂದೇ ಒಂದು ಆಟದ ದೆಸೆಯಿಂದ. ಮೇಲಿನಿಂದ ತುಂಡು ಬೀಳುತ್ತದೆ, ತಿರುಗಿಸಿ ಕೂರಿಸಬೇಕು, ಸಾಲು ತುಂಬಿದರೆ ಮಾಯ. ಅಜ್ಜಿಗೆ ಇದನ್ನು ಕಲಿಸಲು ಒಂದು ನಿಮಿಷ ಸಾಕಾಯಿತು. ಡಬ್ಬಿಯನ್ನು ಅಜ್ಜಿಯ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟವಾದದ್ದು.

ಅದು ಟೆಟ್ರಿಸ್‌ನ ನಕಲು. ಅಸಲಿ ಆಟ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿದ್ದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ. ಅಲ್ಲಿ ಕೆಲಸಕ್ಕಿದ್ದ ಅಲೆಕ್ಸಿ ಪಜಿತ್ನೊವ್‌ಗೆ ಪೆಂಟೊಮಿನೊ ಎಂಬ ಒಗಟಿನ ಗೀಳು. ಐದೈದು ಚೌಕಗಳ 12 ತುಂಡುಗಳನ್ನು ಪೆಟ್ಟಿಗೆಯೊಳಗೆ ಸಂದಿಲ್ಲದೆ ಹೊಂದಿಸುವ ಆಟ ಅದು. ಕಂಪ್ಯೂಟರಿಗೆ ತರುವಾಗ ಅವರು ಪ್ರತಿ ತುಂಡಿನಿಂದ ಒಂದು ಚೌಕ ಕಿತ್ತರು. ಕನ್ನಡಿಬಿಂಬಗಳನ್ನು ಬೇರೆ ಬೇರೆ ಎಂದು ಎಣಿಸಿದರೂ ತುಂಡುಗಳು ಏಳಕ್ಕೆ ಇಳಿದವು. ಅವರ ಕೈಲಿದ್ದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವುದೇ ಬರುತ್ತಿರಲಿಲ್ಲ, ಅಕ್ಷರ ಮತ್ತು ಚಿಹ್ನೆಗಳಷ್ಟೇ. ಹಾಗಾಗಿ ಆವರಣ ಚಿಹ್ನೆಗಳನ್ನು ಎದುರುಬದುರು ಇಟ್ಟು ಚೌಕ ಮಾಡಿದರು. ಕಥೆಯಿಲ್ಲ, ನಾಯಕನಿಲ್ಲ, ವೈರಿಯಿಲ್ಲ.

ಇಷ್ಟು ಬೋಳಾದ ಆಟದಲ್ಲಿ ಕಷ್ಟ ಎಲ್ಲಿ ಅಡಗಿದೆ? ಲೆಕ್ಕ ಹಾಕಿ ನೋಡೋಣ. ಹಲಗೆ 10 ಚೌಕ ಅಗಲ, 20 ಚೌಕ ಎತ್ತರ. ಒಟ್ಟು 200 ಮನೆ, ಒಂದೊಂದೂ ತುಂಬಿರಬಹುದು ಅಥವಾ ಖಾಲಿ ಇರಬಹುದು. ಅಂದರೆ 200 ಎರಡುಗಳನ್ನು ಒಂದಕ್ಕೊಂದು ಗುಣಿಸುತ್ತ ಹೋಗಬೇಕು. ಸಿಗುವ ಸಂಖ್ಯೆಯಲ್ಲಿ 61 ಅಂಕಿಗಳು. ಎಲ್ಲ ಜೋಡಣೆಗಳೂ ಆಟದಲ್ಲಿ ಬರಲಾರವು, ನಿಜ. ಆದರೆ ಬರುವಷ್ಟೇ ನಮ್ಮನ್ನು ಮುಳುಗಿಸಲು ಧಾರಾಳ.

2002ರಲ್ಲಿ ಎರಿಕ್ ಡಿಮೇನ್, ಸೂಸನ್ ಹೋಹೆನ್‌ಬರ್ಗರ್, ಡೇವಿಡ್ ಲಿಬೆನ್-ನೋವೆಲ್ ಎಂಬ ಎಂಐಟಿಯ ಮೂವರು ಇದನ್ನು ಗಣಿತದ ಕಟಕಟೆಗೆ ತಂದರು. ಮುಂದೆ ಬರಲಿರುವ ತುಂಡುಗಳ ಪಟ್ಟಿಯನ್ನು ಮೊದಲೇ ಕೈಗೆ ಕೊಟ್ಟರೂ, ಹೆಚ್ಚೆಂದರೆ ಎಷ್ಟು ಸಾಲು ಅಳಿಸಬಹುದು ಎಂದು ಹೇಳುವುದು ‘ಎನ್‌ಪಿ-ಕಂಪ್ಲೀಟ್’ ವರ್ಗದ ಸಮಸ್ಯೆ ಎಂದು ಸಾಧಿಸಿದರು. ಹೆಸರಿಗೆ ಹೆದರಬೇಡಿ. ಹೈಸ್ಕೂಲಿನ ಟೈಮ್‌ಟೇಬಲ್ ಹಾಕಿದ ಮೇಷ್ಟರಿಗೆ ಇದು ಅನುಭವದಿಂದಲೇ ಗೊತ್ತು: ಯಾರೋ ಹಾಕಿಕೊಟ್ಟದ್ದರಲ್ಲಿ ತಪ್ಪಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ, ತಾವೇ ಹಾಕುವುದು ರಜೆಯನ್ನೆಲ್ಲ ತಿನ್ನುತ್ತದೆ. ಹಲಗೆ ದೊಡ್ಡದಾಗುತ್ತ ಹೋದಂತೆ ಇಂಥ ಸಮಸ್ಯೆಗಳನ್ನು ಸದಾ ಬೇಗ ಬಿಡಿಸಿಕೊಡುವ ಉಪಾಯ ಈವರೆಗೆ ಯಾರಿಗೂ ಹೊಳೆದಿಲ್ಲ. ಒಂದಕ್ಕೆ ಹೊಳೆದರೆ ಆ ವರ್ಗದ ಎಲ್ಲಕ್ಕೂ ಹೊಳೆದಂತೆ; ಅಂಥ ಉಪಾಯ ಇದೆಯೋ ಇಲ್ಲವೋ ಎಂದು ಸಾಧಿಸಿದವರಿಗೆ ಅಮೆರಿಕದ ಕ್ಲೇ ಸಂಸ್ಥೆ 10 ಲಕ್ಷ ಡಾಲರ್ ಬಹುಮಾನ ಇಟ್ಟು ಕಾದಿದೆ.

ಇನ್ನೊಂದು ತಮಾಷೆ. ಏಳರಲ್ಲಿ ಎರಡು ತುಂಡು ಸೊಟ್ಟ, ಒಂದು ಎಸ್ ಆಕಾರ, ಇನ್ನೊಂದು ಜೆಡ್. ಇವೆರಡೇ ಒಂದಾದ ಮೇಲೊಂದು ಬರುತ್ತಿದ್ದರೆ ಎಂಥ ಶೂರನೂ ಕೊನೆಗೆ ಸೋಲಲೇಬೇಕು ಎಂದು ಗಣಿತಜ್ಞೆ ಹೈಡಿ ಬರ್ಗಿಯಲ್ 1997ರಲ್ಲಿ ತೋರಿಸಿದರು. ಈಚಿನ ಟೆಟ್ರಿಸ್‌ಗಳು ಏಳೂ ತುಂಡುಗಳನ್ನು ಚೀಲದಲ್ಲಿ ಕಲಸಿ ಒಂದೊಂದಾಗಿ ಕೊಡುತ್ತವೆ, ಆದ್ದರಿಂದ ಆ ಶನಿಕಾಟ ಅಲ್ಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಶೋಧನೆ ಬೇರೆಯದು. ಅಜ್ಜಿ ಆಡುವಾಗ ತುಂಡನ್ನು ಸುಮ್ಮನೆ ಗಿರಗಿರ ತಿರುಗಿಸುತ್ತಿದ್ದಳು, ಬೇಕಾದ್ದಕ್ಕಿಂತ ಎರಡು ಸುತ್ತು ಜಾಸ್ತಿ. ‘ತಲೆ ಓಡಿಸಿ ಆಮೇಲೆ ಒತ್ತು’ ಎಂದು ನಾವು ಬೈಯುತ್ತಿದ್ದೆವು. 1994ರಲ್ಲಿ ಡೇವಿಡ್ ಕಿರ್ಷ್ ಮತ್ತು ಪಾಲ್ ಮ್ಯಾಗ್ಲಿಯೊ ಟೆಟ್ರಿಸ್ ಆಟಗಾರರ ಬೆರಳಾಟವನ್ನು ಅಳೆದಾಗ ಪಳಗಿದವರೂ ಹೀಗೇ ಮಾಡುವುದು ಕಂಡಿತು. ತುಂಡನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಲು ತಗಲುವ ಹೊತ್ತಿಗಿಂತ ಬಟನ್ ಒತ್ತಿ ಪರದೆಯ ಮೇಲೆ ತಿರುಗಿಸಿ ನೋಡುವುದು ಬೇಗ. ಬೆರಳು ಕೆಲಸ ಮಾಡುತ್ತಿರಲಿಲ್ಲ, ಯೋಚಿಸುತ್ತಿತ್ತು! ಅಜ್ಜಿಗೆ ನಮ್ಮ ತಪ್ಪೊಪ್ಪಿಗೆ ತಲುಪಿಸಲು ಈಗ ಆಕೆ ಇಲ್ಲ.

ಟೆಟ್ರಿಸ್‌ನಲ್ಲಿ ಗೋಜಲೆಲ್ಲ ಆಡುವವರ ತಲೆಯಲ್ಲಿ ಬೆಳೆಯುತ್ತದೆ, ಯಂತ್ರ ನಿರಾಳ. ಇದಕ್ಕೆ ತದ್ವಿರುದ್ಧ ತುದಿಯಲ್ಲಿದೆ ಅಮೆರಿಕದ ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಸೋದರರು 2006ರಲ್ಲಿ ಹೊರತಂದ ‘ಡ್ವಾರ್ಫ್ ಫೋರ್ಟ್ರೆಸ್’. ಕುಳ್ಳರ ಒಂದು ಕೋಟೆ ಕಟ್ಟಿ ಸಾಕುವ ಆಟ. ಮೂಲ ರೂಪದಲ್ಲಿ ಇಲ್ಲೂ ಚಿತ್ರಗಳಿರಲಿಲ್ಲ; ಬೆಕ್ಕು ಎಂದರೆ ಇಂಗ್ಲಿಷಿನ ‘ಸಿ’ ಅಕ್ಷರ, ಅಷ್ಟೇ. ಒಳಗೆ ಮಾತ್ರ ಕಲ್ಲಿನ ಜಾತಿ, ಕುಳ್ಳರ ಮನಸ್ಸಿನ ದುಗುಡ, ಕೈಕಾಲಿನ ಗಾಯ ಎಲ್ಲಕ್ಕೂ ಲೆಕ್ಕ.

ಒಮ್ಮೆ ಆಟಗಾರರಿಂದ ದೂರು ಬಂತು: ಬೆಕ್ಕುಗಳು ಸಾಯುತ್ತಿವೆ, ಕಂಡಕಂಡಲ್ಲಿ ವಾಂತಿ. ಟಾರ್ನ್ ಹುಡುಕುತ್ತ ಹೋದರು. ಹೊಸದಾಗಿ ಸೇರಿಸಿದ್ದ ಮದ್ಯದಂಗಡಿಯಲ್ಲಿ ಕುಳ್ಳರು ಕುಡಿಯುವಾಗ ನೆಲಕ್ಕೆ ಚೆಲ್ಲುತ್ತಿದ್ದರು. ಬೆಕ್ಕು ಅದರ ಮೇಲೆ ನಡೆದರೆ ಪಾದಕ್ಕೆ ಅಂಟುತ್ತಿತ್ತು. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ ಎಂಬ ನಿಯಮ ಬೇರೆ ಮೊದಲೇ ಇತ್ತು. ನೆಕ್ಕಿದಾಗ ಒಂದು ತೊಟ್ಟಿನ ಬದಲು ಇಡೀ ಲೋಟದಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕ ತಪ್ಪಿತ್ತು. ಮೈ ಚಿಕ್ಕದು, ಅಮಲು ದೊಡ್ಡದು. ಬೆಕ್ಕು ಕುಡಿಯಲಿ ಎಂದು ಯಾರೂ ಬರೆದಿರಲಿಲ್ಲ. ನಾಲ್ಕು ಅಮಾಯಕ ನಿಯಮಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ಆಡುವವನ ಕೆಲಸ ಇಲ್ಲಿ ಗೆಲ್ಲುವುದಕ್ಕಿಂತ ಹೆಚ್ಚಾಗಿ ಏಕೆ ಹೀಗಾಯಿತು ಎಂದು ಪತ್ತೆದಾರಿ ಮಾಡುವುದು. ಮೊದಲ ವಾರ ಕೈಪಿಡಿ ಓದುವುದರಲ್ಲೇ ಕಳೆಯುವುದರಿಂದ ಇದನ್ನು ನಾನು ಅಜ್ಜಿಗಂತೂ ಕಲಿಸಹೋಗುತ್ತಿರಲಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಕಂತಿಗೆ 14 ವಿಡಿಯೊ ಗೇಮ್‌ಗಳನ್ನು ಆರಿಸಿದಾಗ ಆ ಪಟ್ಟಿಯಲ್ಲಿ ಇವೆರಡೂ ಇದ್ದವು.

ಟೆಟ್ರಿಸ್‌ನಲ್ಲಿ ಯಂತ್ರ ನಿರಾಳ ಎಂದೆನಲ್ಲ, ಅದೂ ಒಂದು ಮಿತಿಯವರೆಗೆ ಮಾತ್ರ. 1989ರಲ್ಲಿ ನಿಂಟೆಂಡೊ ತಂದ ಟೆಟ್ರಿಸ್‌ನಲ್ಲಿ 29ನೇ ಹಂತ ಬಂದರೆ ತುಂಡುಗಳು ಧೊಪ್ಪನೆ ಸುರಿಯುತ್ತವೆ. ಅದೇ ಕೊನೆ ಎಂದು ಬಹುಕಾಲ ನಂಬಿದ್ದರು. ಆಮೇಲೆ ಹುಡುಗರು ಕಂಟ್ರೋಲರಿನ ಬೆನ್ನಿಗೆ ತಬಲಾ ಬಾರಿಸಿದಂತೆ ಬೆರಳು ಆಡಿಸಿ ಬಟನ್ ಒತ್ತುವುದನ್ನು ಕಂಡುಕೊಂಡರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೇ ಹಂತಕ್ಕೆ ಹೋದ. ಅಷ್ಟು ಮೇಲಿನ ಹಂತಗಳಲ್ಲಿ ಅಂಕ ಕೂಡಿಸುವ ಲೆಕ್ಕವೇ ಉದ್ದವಾಗಿ, ಮುಂದಿನ ಚಿತ್ರ ಬಿಡಿಸುವ ಹೊತ್ತಾದರೂ ಮುಗಿದಿರುವುದಿಲ್ಲ. ಹುಡುಗ ಇನ್ನೊಂದು ಸಾಲು ತುಂಬಿಸಿದ. ಈ ಸಲ ಯಂತ್ರವೇ ಕೈಚೆಲ್ಲಿತು, ಪರದೆ ಇದ್ದಲ್ಲೇ ನಿಂತಿತು.