ಬೇವಿನ ಕಷಾಯದಿಂದ ನ್ಯಾನೋ ಪುಡಿ: ಇದು ಎಷ್ಟು ‘ಹಸಿರು’?

ಮನೆಯಲ್ಲಿ ಸನ್‌ಸ್ಕ್ರೀನ್ ಟ್ಯೂಬ್ ಇದ್ರೆ ಹಿಂಬದಿ ತಿರುಗಿಸಿ ನೋಡಿ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಝಿಂಕ್ ಆಕ್ಸೈಡ್ ಅಂತ ಬರೆದಿರುತ್ತೆ. ಸತು ಮತ್ತು ಆಮ್ಲಜನಕ ಸೇರಿದ ಬಿಳಿ ಪುಡಿ ಅದು. ಇದೇ ಪುಡಿಯನ್ನು ಕೂದಲಿನ ದಪ್ಪಕ್ಕಿಂತ ಸುಮಾರು ಸಾವಿರ ಪಟ್ಟು ಸಣ್ಣ ಕಣಗಳಾಗಿ, ಬೇವು, ತುಳಸಿ, ಲೋಳೆಸರ ಬಳಸಿ ತಯಾರಿಸಬಹುದು. ಇದಕ್ಕೆ ಗ್ರೀನ್ ಸಿಂಥೆಸಿಸ್ ಅಂತಾರೆ. ಹೆಸರು ಚೆನ್ನಾಗಿದೆ. ಆದ್ರೆ ಇದರಲ್ಲಿ ಎಲೆ ಮಾಡೋ ಕೆಲಸ ಏನು?

ವಿಧಾನ ನಮ್ಮ ಅಡುಗೆಮನೆಯದ್ದೇ ಅನ್ನಿಸುತ್ತೆ. ಎಲೆ ತೊಳೆದು, ನೀರಲ್ಲಿ ಕುದಿಸಿ, ಸೋಸಿದ್ರೆ ಕಷಾಯ ರೆಡಿ. ಅದಕ್ಕೆ ಝಿಂಕ್ ನೈಟ್ರೇಟ್ ಅನ್ನೋ ಲವಣ ಹಾಕಿ, ಬಿಸಿ ಮಾಡ್ತಾ ಕಲಕ್ತಾರೆ. ಅದು ಅಂಟಂಟಾದ ಮೇಲೆ ಫರ್ನೇಸಿನಲ್ಲಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡ್ತಾರೆ. ಉಳಿಯೋದು ನ್ಯಾನೋ ಪುಡಿ.

ಎಲೆಯ ರಸ ಲೋಹವನ್ನು ‘ಅಪಕರ್ಷಿಸುತ್ತೆ’, ಅಂದ್ರೆ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತೆ ಅಂತ ತುಂಬ ಕಡೆ ಬರೆದಿರ್ತಾರೆ. ಬೆಳ್ಳಿಯ ನ್ಯಾನೋ ಕಣದ ವಿಷಯದಲ್ಲಿ ಅದು ಸರಿ. ಝಿಂಕ್ ಆಕ್ಸೈಡ್ ವಿಷಯದಲ್ಲಿ ನನಗೆ ಒಪ್ಪಿಗೆಯಾಗಲ್ಲ. ಲವಣದಲ್ಲೂ ಸತುವಿನ ಸ್ಥಿತಿ ಪ್ಲಸ್ ಎರಡು, ಕೊನೆಯ ಪುಡಿಯಲ್ಲೂ ಪ್ಲಸ್ ಎರಡೇ. ಹಾಗಾದ್ರೆ ಎಲೆಕ್ಟ್ರಾನ್ ಕೊಟ್ಟಿದ್ದೆಲ್ಲಿ? ಎಲೆಯಲ್ಲಿರೋ ಪಾಲಿಫಿನಾಲ್‌ಗಳು ಸತುವಿನ ಅಯಾನುಗಳನ್ನು ಹಿಡಿದುಕೊಳ್ತವೆ, ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗದಂತೆ ಸುತ್ತ ಪದರವಾಗಿ ಕೂರ್ತವೆ. ಫರ್ನೇಸಿಗೆ ಹೋದಾಗ ಅದೇ ರಸ ಉರುವಲೂ ಆಗುತ್ತೆ. ಈ ಉರುವಲಿನ ಉಪಾಯಕ್ಕೆ ಬೆಂಗಳೂರಿನ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ್ ಮತ್ತು ಕಿಂಗ್ಸ್‌ಲೀ 1988ರಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಜೊತೆ ಯೂರಿಯಾ ಸೇರಿಸಿ, 500 ಡಿಗ್ರಿ ಫರ್ನೇಸಿನಲ್ಲಿಟ್ಟು, ಕೆಲವೇ ನಿಮಿಷಗಳಲ್ಲಿ ಅಲ್ಯೂಮಿನಾ ಪುಡಿ ಪಡೆದ ವಿಧಾನವನ್ನು ಪ್ರಕಟಿಸಿದ್ರು. ಹೌದು, ಹೊಲಕ್ಕೆ ಹಾಕೋ ಯೂರಿಯಾನೇ. ಈಗ ಆ ಜಾಗಕ್ಕೆ ಎಲೆರಸ ಬಂದಿದೆ ಅಂದ್ಕೊಳ್ಳಿ.

ಲಾಭ ಇಲ್ಲ ಅಂತಲ್ಲ. ಕಾಸ್ಟಿಕ್ ಸೋಡಾ, ಕೃತಕ ಸರ್ಫ್ಯಾಕ್ಟೆಂಟ್ ಇಂಥವು ಎಷ್ಟೋ ಸಲ ಬೇಕಾಗಲ್ಲ. ಆದ್ರೆ ನೈಟ್ರೇಟ್ ಕಾದಾಗ ನೈಟ್ರೋಜನ್ ಡೈಆಕ್ಸೈಡ್ ಅನ್ನೋ ಕಂದು ಹೊಗೆ ಬರುತ್ತೆ. ಶ್ವಾಸಕೋಶಕ್ಕೆ ಕೆಟ್ಟದ್ದು. ಕರೆಂಟ್ ಖರ್ಚು ಬೇರೆ. ಇನ್ನೊಂದು ತೊಂದರೆ, ಬೇಸಿಗೆಯ ಬೇವಿನ ರಸ ಮಳೆಗಾಲದ್ದರಂತೆ ಇರಲ್ಲ. ರಸ ಬದಲಾದ್ರೆ ಕಣದ ಗಾತ್ರ, ಆಕಾರವೂ ಬದಲಾಗಬಹುದು. ಕಾರ್ಖಾನೆಗೆ ಪ್ರತಿ ಸಲವೂ ಒಂದೇ ಥರದ ಮಾಲು ಬೇಕಲ್ಲ!

ಉಪಯೋಗಕ್ಕೆ ಬರೋಣ. ಬಟ್ಟೆಗೆ ಬಣ್ಣ ಹಾಕಿದ ನೀರನ್ನು ಶುದ್ಧ ಮಾಡೋಕೆ ಈ ಪುಡಿ ಆಗುತ್ತೆ ಅನ್ನೋದು ದೊಡ್ಡ ಆಸೆ. ಬೆಳಕು ಬಿದ್ದಾಗ ಪುಡಿಯ ಮೇಲೆ ಚುರುಕಾದ ಆಮ್ಲಜನಕದ ರೂಪಗಳು ಹುಟ್ಟಿ, ಬಣ್ಣದ ಅಣುಗಳನ್ನು ಒಡೀತವೆ. ಆದ್ರೆ ಝಿಂಕ್ ಆಕ್ಸೈಡಿಗೆ ನೇರಳಾತೀತ ಕಿರಣ ಬೇಕು, ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಸುಮಾರು 5 ಶೇಕಡಾ ಮಾತ್ರ. ಪ್ರಯೋಗಾಲಯದ ಬೀಕರಿನಲ್ಲಿ ಬಹುಪಾಲು ಮೆಥಿಲೀನ್ ಬ್ಲೂ ಒಂದೇ ಬಣ್ಣ ಇರುತ್ತೆ. ಕಾರ್ಖಾನೆಯ ಮೋರಿಯಲ್ಲಿ ಹತ್ತಾರು ಬಣ್ಣ, ಉಪ್ಪು, ಸೋಪು ಎಲ್ಲಾ ಬೆರೆತಿರುತ್ತೆ.

ನನಗೆ ಹೆಚ್ಚು ಕಾಡೋದು ಆಮೇಲಿನ ಕಥೆ. ಇದೇ ಪುಡಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಅದಕ್ಕೇ ಗಾಯದ ಪಟ್ಟಿಗೂ ಬಳಸೋಕೆ ನೋಡ್ತಿದ್ದಾರೆ. ನೀರಿಗೆ ಸೇರಿದ್ರೆ ಕರಗಿದ ಸತು ಪಾಚಿಗೂ, ಮೀನು ತಿನ್ನೋ ಡಾಫ್ನಿಯಾದಂಥ ಪುಟ್ಟ ಜೀವಿಗಳಿಗೂ ವಿಷವಾಗಬಹುದು. ಬೇವಿಂದ ಮಾಡಿದ್ದು ಅಂತ ಅದೇನೂ ರಿಯಾಯಿತಿ ಕೊಡಲ್ಲ. ಹಾಗಾಗಿ ಪುಡಿಯನ್ನು ನೀರಿಗೆ ಸುರಿಯೋ ಬದಲು ಗಾಜಿನ ಮೇಲೆ, ಮಣಿಗಳ ಮೇಲೆ ಅಂಟಿಸಿ, ಕೆಲಸ ಮುಗಿದ ಮೇಲೆ ಎತ್ತಿಕೊಳ್ಳೋ ಪ್ರಯತ್ನಗಳೂ ನಡೀತಿವೆ.